ಅರ್ಧ ನೆಗಡಿ

ನಮ್ಮೂರಿನಲ್ಲಿ ಒಬ್ಬರಿಗೆ ನೆಗಡಿ ಬರುವುದು ಜೀವಮಾನದಲ್ಲಿ ಒಂದೇ ಸಲ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ, ಪುಣ್ಯವಂತರಪ್ಪ ನೀವು ಎನ್ನುತ್ತಾರೆ. ನಗಲಿ. ಅವರ ನೆಗಡಿ ವರ್ಷಕ್ಕೆ ನಾಲ್ಕು ಸಲ ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋಗುತ್ತದೆ. ನಮ್ಮ ನೆಗಡಿ ಹೊರೆ ಹೊರುತ್ತದೆ. ಕಾಲುವೆಯಾಚೆಯ ದಿಬ್ಬದ ಮೇಲೆ ನೆಗಡಿ ಮನೆ ಅಂತ ಒಂದಿದೆ. ಒಬ್ಬರ ಮೈಯಲ್ಲಿ ಹುಟ್ಟಿನಿಂದ ಯಾವುದು ಇಲ್ಲವೋ ಅದನ್ನು ಅಲ್ಲಿನವರು ನೆಗಡಿಯ ಬೆನ್ನಿಗೆ ಕಟ್ಟಿ, ಸೀಸೆಗಿಳಿಸಿ ಕೊಡುತ್ತಾರೆ. ಮೂಗಿಗೆ ಬಿಟ್ಟುಕೊಂಡರೆ ಮೂರು ದಿನ ಸೀನು, ಆಮೇಲೆ ಆ ಇಲ್ಲದ್ದು ಮೈಯೊಳಗೆ ನೆಲೆಯಾಗುತ್ತದೆ. ಆದರೆ ಮೈ ಒಂದು ಸಲ ಆ ನೆಗಡಿಯ ಗುರುತು ಹಿಡಿಯಿತೆಂದರೆ ಮುಗಿಯಿತು, ಮತ್ತೆ ಅದು ಏನನ್ನೇ ಹೊತ್ತು ಬಂದರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಾಗಾಗಿ ಇಲ್ಲಿ ಎಲ್ಲರೂ ತಮ್ಮ ಒಂದು ನೆಗಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಬೇನೆಯಿಲ್ಲದವರೂ ಕಾಯುತ್ತಾರೆ, ಮುಂದೆ ಯಾವಾಗ ಏನು ಬೇಕಾಗುತ್ತದೋ ಯಾರಿಗೆ ಗೊತ್ತು. ಕೂಸುಗಳಿಗೆ ಯಾರೂ ಮುತ್ತಿಡುವುದಿಲ್ಲ. ಪರಊರಿನ ನೆಂಟರು ಮೂರು ದಿನ ಜಗುಲಿಯಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಒಳಗೆ ಕರೆದರೂ ಮರ್ಯಾದಸ್ಥರು ಬರುವುದಿಲ್ಲ. ಒಣಮೆಣಸಿನಕಾಯಿ ಹಾಕುವ ಮುಂಚೆ ಹೆಂಗಸರು ಕಿಟಕಿಯಿಂದ ‘ಒಗ್ಗರಣೆ, ಒಗ್ಗರಣೆ’ ಎಂದು ಕೂಗುತ್ತಾರೆ. ಕೂಗದಿದ್ದರೆ ಘಾಟಿಗೆ ಯಾರೋ ಒಬ್ಬರು ಸೀನಿ, ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ ಅಂತ ಕೇಳುವುದಿಲ್ಲ, ಹುಡುಗಿಯ ನೆಗಡಿ ಹಾಗೇ ಇದೆಯಾ ಅಂತ ಕೇಳುತ್ತಾರೆ. ನನ್ನದು ಖಾಲಿ ಹೋಯಿತು. ನಾಮಕರಣದ ದಿನ ಸೋದರಮಾವನೊಬ್ಬ ತೊಟ್ಟಿಲಿಗೆ ಬಗ್ಗಿ ಸೀನಿದನಂತೆ. ಅವನನ್ನು ನಮ್ಮವ್ವ ಸಾಯುವವರೆಗೂ ಹೊಸಿಲು ತುಳಿಯಲು ಬಿಡಲಿಲ್ಲ.

ನನ್ನ ಹೆಸರು ಚೆಲುವಯ್ಯ. ಊರಿಗೆಲ್ಲ ಪಾಲಿನ ಚೆಲುವಯ್ಯ. ಭಾಗ ಮಾಡಿಕೊಡುವುದು ನಮ್ಮ ಮನೆತನದ ಕೆಲಸ. ಅಣ್ಣತಮ್ಮಂದಿರು ಬೇರೆಯಾಗುವಾಗ ಪಾತ್ರೆ ಪಡಗ, ಹೊಲ, ಎಮ್ಮೆ, ಬಾವಿಯ ನೀರು, ಕೊನೆಗೆ ವಯಸ್ಸಾದ ತಾಯಿ ಯಾರ ಮನೆಯಲ್ಲಿ ಎಷ್ಟು ದಿನ ಇರಬೇಕು ಎಂಬುದನ್ನು ಕೂಡ ನಾನೇ ಭಾಗ ಮಾಡಿದ್ದೇನೆ. ನಾನು ಸೀಳಿದ ಹಲಸಿನ ಎರಡು ಹೋಳುಗಳ ತೊಳೆ ಎಣಿಸಿ ನೋಡಿ ತೆಪ್ಪಗಾದವರಿದ್ದಾರೆ. ನನ್ನ ಕೈಯಿಂದ ಭಾಗವಾದದ್ದಕ್ಕೆ ಯಾರೂ ಮರುಮಾತಾಡುತ್ತಿರಲಿಲ್ಲ, ಅದರಿಂದ ನನಗೆ ಜಂಬವೂ ಬಂದಿತ್ತು. ಈ ಜಂಬದ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದನ್ನೆಲ್ಲ ನಾನು ಪ್ರೀತಿಯಿಂದ ಮಾಡಿದೆ ಅಂತ ಊರವರು ಹೇಳುತ್ತಾರೆ. ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಪ್ರೀತಿಯೊಂದೇ ಇದ್ದಿದ್ದರೆ ಮಗಳ ಮಾತು ಕೇಳುತ್ತಿದ್ದೆ.

ನನಗೆ ಒಬ್ಬಳೇ ಮಗಳು, ಜಲಜ. ಅಳಿಯ ಸುಣ್ಣದ ಗೂಡಿನಲ್ಲಿ ಕೆಲಸಕ್ಕಿದ್ದಾನೆ, ಮಾತು ಕಮ್ಮಿ, ಎಲ್ಲದಕ್ಕೂ ‘ಮಾವ ಹೇಳಿದಂಗೆ’ ಎನ್ನುವವನು. ಅವರಿಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ತಾರಿಣಿ ಮತ್ತು ಸುಮಿ. ಇಬ್ಬರಿಗೂ ಸೋಲುಗಾಲು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಬರುವ ಬೇನೆ ಅದು. ಮಗು ಮೂರು ವರ್ಷದವರೆಗೆ ಎಲ್ಲರಂತೆ ಓಡಾಡಿಕೊಂಡಿರುತ್ತದೆ, ಆಮೇಲೆ ಮೆಟ್ಟಿಲು ಹತ್ತಲು ಕೈ ಊರುತ್ತದೆ, ಆಮೇಲೆ ಗೋಡೆ ಹಿಡಿಯುತ್ತದೆ, ಆಮೇಲೆ ಕೂರುತ್ತದೆ. ಇದು ಯಾರ ಕಡೆಯಿಂದ ಬಂತು ಅಂತ ಬೀಗರೂ ನಾವೂ ಒಂದು ವರ್ಷ ಜಗಳವಾಡಿ, ಸುಸ್ತಾಗಿ ಬಿಟ್ಟೆವು. ಆ ಹೊತ್ತಿಗೆ ತಾರಿಣಿಗೆ ಎಂಟು ವರ್ಷ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಸುಮಿಗೆ ಐದು, ಆಗತಾನೆ ಮೊಣಕಾಲ ಮೇಲೆ ಕೈಯೂರಿ ಏಳಲು ಶುರುಮಾಡಿದ್ದಳು.

ಸೋಲುಗಾಲಿನ ಸೀಸೆ ಒಂದು ತಯಾರಾಗಲು ಮೂರು ವರ್ಷ ಬೇಕು. ಯಾಕೆ ಅಂತ ನಾನು ಕೇಳಿದವನಲ್ಲ. ಸರದಿಯಲ್ಲಿ ಹೆಸರು ಹಚ್ಚಿ ಕಾದಿದ್ದೆವು. ಒಂದು ಬೆಳಗ್ಗೆ ದಿಬ್ಬದ ಮೇಲೆ ನಮ್ಮ ಮನೆಯ ಗುರುತಿನ ಹಳದಿ ಬಟ್ಟೆ ಹಾರಿತು. ನೆಗಡಿ ಮನೆಯವರು ಊರೊಳಗೆ ಬರುವಂತಿಲ್ಲ, ಅವರ ಬಟ್ಟೆಬರೆಯಲ್ಲೆಲ್ಲ ನೆಗಡಿಯೇ. ಕಾಲುವೆಯ ದಂಡೆಗೆ ಹೋಗಿ ಅವರೊಡನೆ ಮಾತಾಡಿ ಸೀಸೆ ತರಬೇಕಾದವರು ನನ್ನಂಥ ನೆಗಡಿ ಮುಗಿದವರೇ. ಖಾಲಿ ಹೋದ ಮೂಗಿಗೆ ಊರಿನಲ್ಲಿರುವ ಮರ್ಯಾದೆ ಅದೊಂದೇ.

ಡಾಕ್ಟರಮ್ಮ ಕಾತ್ಯಾಯಿನಿ ಕಾಲುವೆಯ ಕಲ್ಲಿನ ಮೇಲೆ ಕೂತಿದ್ದರು. ನನ್ನ ಮಗಳ ವಯಸ್ಸು, ತಲೆ ಮಾತ್ರ ಪೂರ್ತಿ ನೆರೆತಿತ್ತು. ಬೆರಳುದ್ದದ ಸೀಸೆಯನ್ನು ಹತ್ತಿಯಲ್ಲಿ ಸುತ್ತಿ ನನ್ನ ಅಂಗೈಗಿಟ್ಟರು. ‘ಚೆಲುವಯ್ಯನೋರೆ, ಇದು ದೊಡ್ಡೋಳಿಗೆ. ಅವಳ ತೂಕ ನೋಡಿ ಅಳೆದಿದ್ದು. ಇವತ್ತು ಹೊತ್ತು ಮುಳುಗೋದ್ರೊಳಗೆ ಹಾಕ್ಬಿಡಿ. ಅವಳಿಗೆ ಇನ್ನೊಂದು ವರ್ಷ ಆದ್ರೆ ಏನು ಹಾಕಿದ್ರೂ ಕಾಲು ಹಿಡಿಯಲ್ಲ. ಚಿಕ್ಕೋಳನ್ನ ಈಗಲೇ ಬೇರೆ ಮನೆಗೆ ಕಳಿಸಿ, ಏಳು ದಿನ ಅಕ್ಕನ ಉಸಿರೂ ಅವಳಿಗೆ ತಾಕಬಾರದು. ಮುಂದಿನ ಸೀಸೆ ಅವಳದು.’

‘ಮುಂದಿನದು ಅಂದ್ರೆ ಮೂರು ವರ್ಷ?’

‘ಮೂರು ವರ್ಷ. ಅಷ್ಟೊತ್ತಿಗೆ ಅವಳಿಗೆ ಎಂಟಾಗತ್ತೆ, ಟೈಮಿರತ್ತೆ. ಕಾಯ್ಕೊಂಡಿರಿ.’

ನಾನು ಆಯಿತು ಎಂದು ತಲೆಯಾಡಿಸಿದೆ. ತಲೆಯಾಡಿಸುವಾಗಲೇ ಮನಸ್ಸು ಒಪ್ಪಿರಲಿಲ್ಲ. ಮನೆಗೆ ಬರುವ ಅರ್ಧ ಹರದಾರಿಯಲ್ಲಿ ಅದು ಇನ್ನಷ್ಟು ಕೆಟ್ಟಿತು. ಎರಡು ಮಕ್ಕಳಿರುವ ಮನೆಗೆ ಒಂದೇ ಮಗುವಿನದು ಅಂತ ತೆಗೆದುಕೊಂಡು ಹೋಗುವುದು ನನ್ನ ಜನ್ಮದಲ್ಲೇ ಮಾಡದ ಕೆಲಸ. ದಿಬ್ಬದ ಮೇಲಿನವರಿಗೆ ಮನೆ ಮಕ್ಕಳು ಅಂತ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡ ಇಬ್ಬರಲ್ಲಿ ಒಬ್ಬಳು ಓಡಾಡಿ ಇನ್ನೊಬ್ಬಳು ಮೂರು ವರ್ಷ ಕೂತು ನೋಡುವುದೆಂದರೆ ಏನು ಅಂತ ಅವರಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ಹೀಗೆ ಎಂದುಕೊಳ್ಳುತ್ತಾ ಒಳಗೊಳಗೇ ಖುಷಿಯೂ ಆಯಿತು. ಎಲ್ಲರಿಗೂ ಭಾಗ ಮಾಡಿಕೊಟ್ಟವನು ನಾನು. ನನ್ನ ಮನೆಯಲ್ಲೇ ಭಾಗ ಮಾಡುವ ದಿನ ಬಂತು ಅನಿಸಿತು.

ಮನೆಗೆ ಬಂದರೆ ಜಲಜ ಸುಮಿಯ ಬಟ್ಟೆಗಳನ್ನು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಹಳದಿ ಬಟ್ಟೆ ಹಾರಿದ್ದನ್ನು ನೋಡಿಯೇ ಎಲ್ಲ ಯೋಚಿಸಿ ಮುಗಿಸಿದ್ದಳು. ಮುಖ ಊದಿಕೊಂಡಿತ್ತು.

‘ದೊಡ್ಡೋಳಿಗೆ ಹಾಕ್ಬಿಡಪ್ಪ,’ ಎಂದಳು. ‘ಚಿಕ್ಕೋಳನ್ನ ಅವರತ್ತೆ ಮನೆಗೆ ಬಿಟ್ಬರ್ತೀನಿ. ನನ್ ಮನಸ್ಸು ತಿರುಗೋದ್ರೊಳಗೆ ಹಾಕ್ಬಿಡು.’

‘ಏನಮ್ಮಾ, ಹೆತ್ತೋರು ಆಡೋ ಮಾತಾ ಇದು?’ ಎಂದೆ. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ? ಸುಮಿ ನಿನ್ನ ಹೊಟ್ಟೇಲಿ ಹುಟ್ಟಲಿಲ್ವಾ?’

ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಎದ್ದು ಜಗಳವಾಡುತ್ತಿದ್ದಳು, ಅವಳ ಬಾಯಿ ಸಣ್ಣದಲ್ಲ. ಅಪ್ಪ ಹೇಳಿದ್ದಕ್ಕೆ ನೆಲ ನೋಡಿದಳು. ಇವತ್ತು ನೆನೆಸಿಕೊಂಡರೆ ನನಗೆ ಅಳು ಬರುವುದು ಅಲ್ಲಿಗೇ, ಮಿಕ್ಕದ್ದಕ್ಕಲ್ಲ. ಪಾಪ, ಎರಡು ಮಕ್ಕಳ ತಾಯಿ ಬೆಳಗಿನಿಂದ ಒದ್ದಾಡಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಅದೇ ಸರಿಯಾದ ತೀರ್ಮಾನವಾಗಿತ್ತು. ನಾನು ಅದಕ್ಕೆ ನಾಚಿಕೆಯಾಗುವಂತೆ ಮಾಡಿದೆ.

‘ಒಬ್ರಿಗೆ ಒಂದೇ ಸಲ ಅಲ್ವೇನಪ್ಪ?’ ಎಂದು ಆಮೇಲೆ ಮೆಲ್ಲಗೆ ಕೇಳಿದಳು. ‘ಅರ್ಧರ್ಧ ಹಾಕಿದ್ರೆ ಮಿಕ್ಕಿದ್ದು?’

ಇದಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಪೂರ್ತಿ ಹಾಕಿದರೆ ಪೂರ್ತಿ ನೆಗಡಿ, ಅರ್ಧ ಹಾಕಿದರೆ ಅರ್ಧ ನೆಗಡಿ. ಅರ್ಧ ನೆಗಡಿ ಬಂದವರಿಗೆ ಇನ್ನರ್ಧ ಬಾಕಿ ಇದ್ದೇ ಇರುತ್ತದಲ್ಲ? ಈ ಸೀಸೆಯಲ್ಲಿ ಅರ್ಧರ್ಧ, ಮುಂದಿನ ಸೀಸೆಯಲ್ಲಿ ಅರ್ಧರ್ಧ. ಯಾರಿಗೂ ಅನ್ಯಾಯವಿಲ್ಲ. ಹೇಳುತ್ತಾ ಹೇಳುತ್ತಾ ನನಗೇ ಅದು ಎಷ್ಟು ಸರಿ ಅನಿಸಿತೆಂದರೆ, ಇಷ್ಟು ದಿನ ಊರಿನಲ್ಲಿ ಯಾರಿಗೂ ಇದು ಹೊಳೆಯಲಿಲ್ಲವಲ್ಲ ಅಂತ ಆಶ್ಚರ್ಯವಾಯಿತು. ಐವತ್ತು ವರ್ಷ ಏನು ಕೊಟ್ಟರೂ ಎರಡು ಮಾಡಿದವನು, ಒಮ್ಮೆ ಎಂಬುದನ್ನೂ ಎರಡು ಮಾಡಬಹುದು ಎಂದು ನಂಬಿಬಿಟ್ಟೆ. ದಿಬ್ಬಕ್ಕೆ ಹೋಗಿ ಒಂದು ಮಾತು ಕೇಳಿಕೊಂಡು ಬರಬಹುದಿತ್ತು. ಹೊತ್ತೂ ಇತ್ತು. ನನ್ನ ಕಸುಬನ್ನು ಇನ್ನೊಬ್ಬರ ಹತ್ತಿರ ಕೇಳುವುದೇ ಅಂತ ಹೋಗಲಿಲ್ಲ.

ಮಧ್ಯಾಹ್ನ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿ, ಹತ್ತಿಯ ಬತ್ತಿಯಿಂದ ಹನಿ ಹನಿಯಾಗಿ ಮೂಗಿಗೆ ಬಿಟ್ಟೆ. ಅಳಿಯ ಎಣಿಸಿದ. ಒಟ್ಟು ನಲವತ್ತೊಂದು ಹನಿ. ಇಪ್ಪತ್ತಿಪ್ಪತ್ತು ಆದ ಮೇಲೆ ಉಳಿದ ಒಂದನ್ನು ಗರಿಕೆಯ ಎಸಳಿನಿಂದ ಎರಡು ಮಾಡಿ ಇಬ್ಬರಿಗೂ ತಾಕಿಸಿದೆ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ, ನೆಗಡಿ ಮುಗಿದ ನೆರೆಯವರು ‘ಕೈ ಅಂದ್ರೆ ಚೆಲುವಯ್ಯಂದು’ ಎಂದರು. ಸಂಜೆಗೆ ಮಕ್ಕಳಿಬ್ಬರೂ ಸೀನತೊಡಗಿದರು. ಮೂರು ದಿನ ಬರಬೇಕಾದ ಸೀನು ಒಂದೂವರೆ ದಿನಕ್ಕೆ ನಿಂತಿತು. ನೋಡು, ಲೆಕ್ಕ ಸರಿಯಾಯಿತು, ಅರ್ಧಕ್ಕೆ ಅರ್ಧವೇ ಬಂತು ಅಂತ ಜಲಜಳಿಗೆ ತೋರಿಸಿದೆ. ಅವಳೂ ನಕ್ಕಳು.

ಹದಿನೆಂಟನೆಯ ದಿನ ತಾರಿಣಿ ಗೋಡೆ ಬಿಟ್ಟು ನಿಂತಳು. ನೀರಿನ ಚೊಂಬು ಎತ್ತಿಕೊಂಡು ಅಡುಗೆ ಮನೆಯಿಂದ ಜಗುಲಿಗೆ ಬಂದು ‘ತಾತ, ನೀರು’ ಎಂದಳು. ನಾನು ಕೇಳಿರಲಿಲ್ಲ, ಬಾಯಾರಿಕೆಯೂ ಇರಲಿಲ್ಲ, ಇಡೀ ಚೊಂಬು ಕುಡಿದೆ. ಆಮೇಲೆ ಅವಳಿಗೆ ಅದೇ ಆಟವಾಯಿತು. ದಿನಕ್ಕೆ ಹತ್ತು ಸಲ ನೀರು ತಂದುಕೊಡುವಳು, ನಾನು ಕುಡಿಯುವೆ. ಸುಮಿ ಬೀದಿಯ ಹುಡುಗಿಯರೊಡನೆ ಕುಂಟಬಿಲ್ಲೆಗೆ ಹೋದಳು. ಒಂಟಿ ಕಾಲಲ್ಲಿ ನಿಲ್ಲಲು ಬರುತ್ತಿರಲಿಲ್ಲ, ಆದರೂ ಬಿಲ್ಲೆ ಎಸೆದು ಎರಡು ಕಾಲಲ್ಲೇ ಕುಪ್ಪಳಿಸಿ ಗೆದ್ದೆ ಎಂದು ಕೂಗುತ್ತಿದ್ದಳು. ನೋಡಲು ಊರೇ ಬಂತು. ನಾನು ಜಗುಲಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು ಬಂದವರಿಗೆಲ್ಲ ಹನಿಯ ಕತೆ, ಗರಿಕೆಯ ಕತೆ ಹೇಳಿದೆ. ಎಪ್ಪತ್ತು ದಿನ ಹೀಗೆ ನಡೆಯಿತು. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ಎಪ್ಪತ್ತು ದಿನ ಇನ್ನಿಲ್ಲ.

ಆಮೇಲೆ ಸುಮಿ ಬಾವಿಕಟ್ಟೆಯ ಹತ್ತಿರ ಬಿದ್ದಳು. ಮಕ್ಕಳು ಬೀಳುವುದು ಇದ್ದದ್ದೇ ಎಂದೆವು. ಮಾರನೆಯ ದಿನವೂ ಬಿದ್ದಳು. ತಾರಿಣಿ ಚೊಂಬನ್ನು ಅರ್ಧ ದಾರಿಯಲ್ಲಿ ಕೆಳಗಿಟ್ಟು, ‘ಮೊಣಕಾಲಿಗೆ ನಿದ್ದೆ ಬರ್ತಿದೆ ತಾತ’ ಎಂದಳು. ಮೂರು ವಾರದಲ್ಲಿ ಇಬ್ಬರೂ ಮೊದಲಿದ್ದಲ್ಲಿಗೆ ಬಂದರು, ತಾರಿಣಿ ಅದಕ್ಕಿಂತ ಹಿಂದಕ್ಕೆ ಹೋದಳು. ದಿಬ್ಬಕ್ಕೆ ಹೋಗಿ ಡಾಕ್ಟರಮ್ಮನ್ನ ಕೇಳು ಅಂತ ಜಲಜ ಹೇಳಿದಳು. ಕೇಳುವುದೇನಿದೆ, ಅರ್ಧ ಅನ್ನ ತಿಂದವರಿಗೆ ಬೇಗ ಹಸಿವಾಗುತ್ತದೆ, ಇನ್ನರ್ಧ ಬರಲಿ ಎಂದೆ. ಊರವರೂ ಹಾಗೇ ಅಂದರು. ಮಕ್ಕಳಿಗೂ ಅದನ್ನೇ ಹೇಳಿಕೊಟ್ಟೆ. ಮೂರು ವರ್ಷ, ಕಾಲು ನೋವಾದಾಗ, ಹಬ್ಬಕ್ಕೆ ಬೇರೆ ಮಕ್ಕಳು ಹೊರಟಾಗ, ‘ಇನ್ನರ್ಧ ಬರ್ತದೆ’ ಎಂದು ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ತಾರಿಣಿ ಕೂತಲ್ಲೇ ಕೂತು ಹನ್ನೊಂದಾದಳು. ಸುಮಿಗೆ ಎಂಟಾಯಿತು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು.

ಹಳದಿ ಬಟ್ಟೆ ಮತ್ತೆ ಹಾರಿದ ಬೆಳಗ್ಗೆ ನಾನು ಎಳೆಯ ಹುಡುಗನ ಹಾಗೆ ಓಡಿದೆ. ಸೀಸೆ ಕೊಡುವ ಮುಂಚೆ ಮಗುವಿನ ರಕ್ತದ ಒಂದು ಹನಿ ನೋಡುವುದು ನೆಗಡಿ ಮನೆಯ ಪದ್ಧತಿ. ಈ ಸೀಸೆ ಸುಮಿಯ ಹೆಸರಿನದು, ಅವಳ ಬೆರಳು ಚುಚ್ಚಿ ಒಂದು ಹನಿಯನ್ನು ಪುಟ್ಟ ಗಾಜಿನ ಬಟ್ಟಲಲ್ಲಿ ಒಯ್ದಿದ್ದೆ. ಡಾಕ್ಟರಮ್ಮ ಅದರ ಮೇಲೆ ಬರಿಯ ನೆಗಡಿಯ ಒಂದು ತೊಟ್ಟು ಬಿಟ್ಟರು. ನೆಗಡಿ ಕಾಣದ ರಕ್ತ ತೆಳುವಾಗಿ ಹಾಗೇ ಇರಬೇಕು. ಇದು ಹುಳಿ ಬಿದ್ದ ಹಾಲಿನ ಹಾಗೆ ಒಡೆದು ಚೂರು ಚೂರಾಯಿತು.

ಡಾಕ್ಟರಮ್ಮ ಬಟ್ಟಲನ್ನು ಬಿಸಿಲಿಗೆ ಹಿಡಿದು ಮತ್ತೆ ನೋಡಿದರು. ‘ಈ ಮಗುಗೆ ಯಾವಾಗ ನೆಗಡಿ ಆಯ್ತು?’

‘ಆಗಿಲ್ಲಮ್ಮ,’ ಎಂದೆ. ‘ಅರ್ಧ ಆಗಿದೆ.’

‘ಅರ್ಧ ಅಂದ್ರೆ?’

ಹೇಳಿದೆ. ಚಾಪೆ, ಹತ್ತಿಯ ಬತ್ತಿ, ನಲವತ್ತೊಂದು ಹನಿ. ಹೇಳಲು ಶುರುಮಾಡುವಾಗ ಸ್ವಲ್ಪ ಠೀವಿಯಿಂದಲೇ ಶುರುಮಾಡಿದೆ, ಗರಿಕೆಯ ತನಕ ಬರುವಷ್ಟರಲ್ಲಿ ಅವರ ಮುಖ ನೋಡಿ ದನಿ ತಗ್ಗಿಸಿದೆ. ಅವರು ಕಲ್ಲಿನ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಮೈಗೆ ಅರ್ಧ ಗೊತ್ತಿಲ್ಲ ಚೆಲುವಯ್ಯನೋರೆ,’ ಎಂದರು. ‘ಒಂದು ತೊಟ್ಟು ಕಂಡ್ರೂ ಅದಕ್ಕೆ ಪೂರ್ತಿ ಗುರ್ತಾಗತ್ತೆ. ಕಾಲಿಗೆ ಸಾಕಾಗೋಷ್ಟು ಹೊರೆ ಹೋಗ್ಲಿಲ್ಲ, ಮೈಗೆ ಗುರ್ತು ಸಿಗೋಷ್ಟು ನೆಗಡಿ ಹೋಯ್ತು. ಇಬ್ರಿಗೂ.’

‘ಈಗ ಪೂರ್ತಿ ಸೀಸೆ ಒಬ್ಬಳಿಗೇ ಹಾಕಿದ್ರೆ? ಸುಮಿಗೆ ಒಬ್ಬಳಿಗೇ?’

‘ಮೈ ಅದನ್ನ ಹೊರಗೆ ಹಾಕೋಕೆ ಉರಿದುಬಿಡತ್ತೆ. ಜ್ವರದಲ್ಲೇ ಮಗು ಹೋಗ್ಬಹುದು. ಹಾಕ್ಬೇಡಿ. ಎರಡು ಸೀಸೆ ಹಾಕ್ಬೇಡಿ, ಹತ್ತು ಹಾಕ್ಬೇಡಿ.’ ಬಟ್ಟಲನ್ನು ಕೆಳಗಿಟ್ಟು, ‘ತಪ್ಪು ನಂದೂ ಇದೆ,’ ಎಂದರು. ‘ಒಬ್ಬಳಿಗೆ ಅಂತ ಹೇಳ್ದೆ, ಯಾಕೆ ಅಂತ ಹೇಳ್ಲಿಲ್ಲ. ನೀವು ಪಾಲಿನೋರು ಅಂತ ಗೊತ್ತಿದ್ದೂ ಹೇಳ್ಲಿಲ್ಲ.’

ಅವರ ತಪ್ಪೇನೂ ಇರಲಿಲ್ಲ. ಯಾಕೆ ಅಂತ ಕೇಳದವನು ನಾನು.

ತಯಾರಾದ ಸೀಸೆ ಹೊತ್ತು ಮುಳುಗಿದರೆ ಕೆಡುತ್ತದೆ. ಸರದಿಯಲ್ಲಿ ನಮ್ಮ ನಂತರದ ಹೆಸರು ಗಾಣದ ಬೀದಿಯ ದ್ಯಾವಮ್ಮನದು. ಅವಳ ಮನೆಯಲ್ಲಿ ನೆಗಡಿ ಮುಗಿದವರು ಯಾರೂ ಇರಲಿಲ್ಲ. ಡಾಕ್ಟರಮ್ಮ ಸೀಸೆಯನ್ನು ಹತ್ತಿಯಲ್ಲಿ ಸುತ್ತಿ ನನ್ನ ಅಂಗೈಗೇ ಇಟ್ಟರು. ‘ನೀವೇ ಕೊಟ್ಟು ಹಾಕ್ಸಿ ಬನ್ನಿ. ಅವರ ದೊಡ್ಡ ಮಗೂಗೂ ಎಂಟು, ರಕ್ತ ಆಗ್ಲೇ ನೋಡಿದ್ದೀನಿ. ಚಿಕ್ಕದಕ್ಕೆ ನಾಲ್ಕು.’

ದಾರಿಯಲ್ಲಿ ನಮ್ಮ ಮನೆ ಸಿಗುತ್ತದೆ. ದಾಟಿ ಹೋಗಲು ಆಗಲಿಲ್ಲ. ಜಲಜ ಚಾಪೆ ಹಾಸಿ, ಮಕ್ಕಳಿಬ್ಬರಿಗೂ ಎಣ್ಣೆ ಹಚ್ಚಿ ತಲೆ ಬಾಚಿ ಕೂರಿಸಿದ್ದಳು. ನಾನು ಹೊಸಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಮುಚ್ಚಿಟ್ಟು ಹೇಳಲು ನೋಡಿದೆ, ಬರಲಿಲ್ಲ. ಜಲಜ ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ಒಂದೊಂದಾಗಿ ಬಿಡಿಸಿದಳು, ನನ್ನ ಕಡೆ ನೋಡಲಿಲ್ಲ. ತಾರಿಣಿ ಯೋಚಿಸುತ್ತಿದ್ದಳು. ಲೆಕ್ಕದಲ್ಲಿ ಅವಳು ನನ್ನ ಮೊಮ್ಮಗಳೇ.

‘ಅವತ್ತು ನಂಗೇ ಎಲ್ಲಾ ಹಾಕಿದ್ರೆ ನಾನು ನಡೀತಿದ್ದೆ,’ ಎಂದಳು.

‘ಹೂಂ,’ ಎಂದೆ.

‘ಇದು ಸುಮಿದು ಆಗ್ತಿತ್ತು. ಸುಮೀನೂ ನಡೀತಿದ್ಲು.’

‘ಹೂಂ ಕಣಮ್ಮ.’

‘ಹಂಗಾದ್ರೆ ಇಬ್ರೂ ನಡೀತಿದ್ವಿ ಅಲ್ವಾ ತಾತ?’

ಅವಳು ಕೋಪದಿಂದ ಕೇಳಲಿಲ್ಲ. ಲೆಕ್ಕ ಸರಿಯಿದೆಯಾ ಅಂತ ನೋಡಿಕೊಂಡಳು, ಅಷ್ಟೇ. ಸರಿಯಿತ್ತು. ಒಬ್ಬಳನ್ನಾದರೂ ಉಳಿಸಬಹುದಿತ್ತಲ್ಲ ಅಂತ ನಾನು ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಬಂದಿದ್ದೆ. ಇಬ್ಬರನ್ನೂ ಕಳೆದೆ ಅಂತ ತಿಳಿದದ್ದು ಆ ಮಗು ಬಾಯಿಬಿಟ್ಟು ಹೇಳಿದಾಗ. ಸುಮಿ ಮಾತ್ರ ಇನ್ನೂ ನನ್ನ ಕೈಯಲ್ಲಿದ್ದ ಹತ್ತಿಯ ಉಂಡೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣೆದುರಿಗೇ ಅದನ್ನು ಹಿಡಿದುಕೊಂಡು ಹಿಂದಿರುಗಿ ಮೆಟ್ಟಿಲಿಳಿದೆ.

ಗಾಣದ ಬೀದಿಯ ದ್ಯಾವಮ್ಮ ಗಂಡನಿಲ್ಲದವಳು, ಎಣ್ಣೆ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ದೊಡ್ಡವಳು ಚಂದ್ರಿ, ಚಿಕ್ಕವಳು ಈರಿ, ಅವರಿಗೂ ಸೋಲುಗಾಲೇ. ಸೀಸೆ ತನ್ನ ಮನೆಗೆ ಬರುತ್ತಿರುವ ಸುದ್ದಿ ನನಗಿಂತ ಮುಂಚೆ ಅಲ್ಲಿ ತಲುಪಿತ್ತು. ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಎರಡು ಬತ್ತಿ ಹೊಸೆದು ತಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

‘ಒಂದು ಬತ್ತಿ ಸಾಕು ದ್ಯಾವಮ್ಮ,’ ಎಂದೆ. ‘ಭಾಗ ಮಾಡಲ್ಲ.’

‘ಯಾಕ್ ಮಾಡಲ್ಲ? ನಿಮ್ಮನೇಲಿ ಮಾಡಿದ್ರಲ್ಲ.’

‘ಮಾಡಿದ್ದಕ್ಕೇ ಹೇಳ್ತಿದ್ದೀನಿ.’ ಬೆಳಗಿನಿಂದ ಎರಡು ಸಲ ಹೇಳಿದ್ದನ್ನು ಮೂರನೆಯ ಸಲ ಹೇಳಿದೆ. ಬೀದಿಯವರು ಬಾಗಿಲಲ್ಲಿ ಸೇರಿದ್ದರು, ಅವರಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಹೇಳಿದೆ. ನನ್ನ ಮಗಳು ಸರಿಯಾಗಿ ಹೇಳಿದ್ದಳು, ನಾನು ಅವಳ ಬಾಯಿ ಮುಚ್ಚಿಸಿದೆ ಎಂಬುದನ್ನೂ ಹೇಳಿದೆ.

ದ್ಯಾವಮ್ಮ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, ‘ನಿಮ್ ಮಕ್ಳು ಎಪ್ಪತ್ತು ದಿನ ನಡೆದ್ರಲ್ಲ,’ ಎಂದಳು. ‘ಇಬ್ರೂ ನಡೆದ್ರಲ್ಲ. ನಂಗೂ ಅಷ್ಟೇ ಸಿಕ್ಲಿ ಬಿಡಿ. ಒಂದನ್ನ ಕೂರ್ಸಿ ಒಂದನ್ನ ಓಡ್ಸೋಕೆ ನನ್ ಕೈಲಾಗಲ್ಲ. ಮುಂದಿನ ಸೀಸೆ ಬರೋದ್ರೊಳಗೆ ಚಿಕ್ಕೋಳಿಗೆ ಯಾವನಾದ್ರೂ ಸೀನಿಬಿಟ್ರೆ? ಅವಾಗೇನ್ ಮಾಡ್ಲಿ? ನೀವು ಬರ್ತೀರಾ?’

ಸೀನುವ ಸೋದರಮಾವಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ‘ಹಂಗಾದ್ರೆ ನೀವೇ ಹೇಳಿ, ಯಾರಿಗೆ? ನೀವು ಪಾಲಿನೋರು ತಾನೇ?’ ಎಂದು ಅವಳು ನನ್ನ ಎದೆಗೇ ಕೈ ತೋರಿಸಿ ಕೇಳಿದಳು. ಚಂದ್ರಿಗೆ ಅಂತ ನನಗೆ ಗೊತ್ತಿತ್ತು. ಹೇಳುವ ಬದಲು ಸೀಸೆಯ ಹತ್ತಿ ಸರಿಮಾಡುತ್ತಾ ನಿಂತೆ. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು, ಸೀಸೆ ನನ್ನ ಕೈಯಲ್ಲಿ ಬಿಸಿಯಾಗುತ್ತಿತ್ತು. ಹನಿ ಹನಿ ಎರಡು ಮಾಡಿಕೊಟ್ಟು ಹೋಗಿಬಿಟ್ಟರೆ ಈ ಹೆಂಗಸು ಎಪ್ಪತ್ತು ದಿನ ನನ್ನನ್ನು ಹೊಗಳುತ್ತಾಳೆ ಅಂತ, ದೇವರಾಣೆ, ಒಂದು ಗಳಿಗೆ ಅನಿಸಿತು.

ಬಾಗಿಲಲ್ಲಿ ಜನ ಸರಿದರು. ಜಲಜ ಒಳಗೆ ಬಂದಳು. ನನ್ನ ಹಿಂದೆಯೇ ಹೊರಟಿರಬೇಕು, ಕೈಯಲ್ಲಿ ಇನ್ನೂ ಎಣ್ಣೆ ಜಿಡ್ಡಿತ್ತು. ನನ್ನನ್ನು ದಾಟಿ ಹೋಗಿ ದ್ಯಾವಮ್ಮನ ಪಕ್ಕ ಕೂತಳು.

‘ದೊಡ್ಡೋಳಿಗೆ ಹಾಕು ದ್ಯಾವಕ್ಕ,’ ಎಂದಳು. ‘ಅವಳಿಗೆ ಟೈಮಿಲ್ಲ, ಚಿಕ್ಕೋಳಿಗಿದೆ. ಏಳು ದಿನ ಇವಳನ್ನ ನಾನು ಇಟ್ಕೋತೀನಿ. ಆಮೇಲೂ ಭಯ ಆದ್ರೆ ಆಮೇಲೂ ಇಟ್ಕೋತೀನಿ. ನಮ್ಮನೇಲಿ ಸೀನೋರು ಯಾರೂ ಉಳಿದಿಲ್ಲ.’

ದ್ಯಾವಮ್ಮ ಅವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ತಟ್ಟೆಯಲ್ಲಿದ್ದ ಒಂದು ಬತ್ತಿಯನ್ನು ತೆಗೆದು ಒಲೆಗೆ ಹಾಕಿದಳು.

ಚಾಪೆಯ ಮೇಲೆ ಚಂದ್ರಿ ಅಂಗಾತ ಮಲಗಿದ್ದಳು. ನಾಲ್ಕು ವರ್ಷದ ಈರಿಗೆ ಯಾರು ಹೇಳಿಕೊಟ್ಟಿದ್ದರೋ, ಅಕ್ಕನ ಪಕ್ಕದಲ್ಲೇ ಕೂತು ತಲೆ ಹಿಂದಕ್ಕೆ ಚೆಲ್ಲಿ, ಮೂಗು ಮೇಲೆ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅವಳನ್ನು ಕರೆದುಕೊಂಡು ಹೋಗುವ ತನಕ ಸೀಸೆ ಬಿಚ್ಚುವಂತಿರಲಿಲ್ಲ. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

‘ತಾತ, ನಂದು ಹಾಕು,’ ಎಂದಳು.

‘ನಿಂದಿಲ್ಲ ಕಂದ,’ ಎಂದೆ. ಆ ಮಾತು ನನ್ನ ಬಾಯಿಂದ ಮೊದಲ ಸಲ ಬಂತು, ಹೇಗೆ ಹೇಳಬೇಕೆಂದೂ ಗೊತ್ತಾಗಲಿಲ್ಲ. ‘ಇವತ್ತು ನಿಂಗಿಲ್ಲ.’

ಅವಳಿಗೆ ಅದು ಅರ್ಥವಾಗಲಿಲ್ಲ. ಜಲಜ ಬಂದು ಅವಳನ್ನು ಎತ್ತಿಕೊಂಡಳು, ಹೊಸಿಲು ದಾಟಿದಳು, ಬೀದಿಗಿಳಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಾಣದ ಬೀದಿಯ ತಿರುವಿನವರೆಗೂ ಆ ಮಗು ನನ್ನ ಮಗಳ ತೋಳಿನಲ್ಲಿ ಹಾಗೇ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ತನ್ನ ಪಾಲು ಬರುತ್ತದೆಂದು ಕಾಯುತ್ತಲೇ ಇತ್ತು.